ಎದುರುಮನೆ ಅಕ್ಕನ ಕೆಮಿಸ್ಟ್ರಿ ಪರೀಕ್ಷೆ

ಮೊನ್ನೆ ಭಾನುವಾರ ಪಕ್ಕದ ಕಟ್ಟಡದ ತಾರಸಿಯಲ್ಲಿ ಯಾರೋ ಕೋಳಿ ಸುಡಲು ಇದ್ದಿಲು ಹೊತ್ತಿಸಿದ್ದರು. ಮೊದಲು ಸೀಮೆಎಣ್ಣೆಯ ವಾಸನೆ, ಆಮೇಲೆ ಇದ್ದಿಲು ಚಟಚಟ ಸಿಡಿಯುವಾಗಿನ ಒಣ ವಾಸನೆ. ಹೊಗೆ ಬಂದರೆ ಜನ ಕಿಟಕಿ ಮುಚ್ಚುತ್ತಾರೆ. ನಾನು ಎದ್ದು ಮನೆಯ ಕಿಟಕಿಗಳನ್ನೆಲ್ಲ ತೆರೆದೆ, ಬಚ್ಚಲಿನದ್ದನ್ನೂ ಬಿಡಲಿಲ್ಲ.

"ಎಂತ ಮಾಡುದು ನೀನು? ಹೊಗೆಯೆಲ್ಲ ಒಳಗೆ ಬರ್ತದೆ" ಎಂದು ಗಂಡ ಗದರಿದರು. ನನ್ನ ಮುಖ ನೋಡಿದ ಮೇಲೆ ಎದ್ದು ಫ್ಯಾನು ಹಾಕಿದರು. ಅವರಿಗೂ ಆ ಚಳಿಗಾಲ ನೆನಪಾಗಿರಬೇಕು...

ಸೌದಿಯಲ್ಲಿ ಹೆಂಗಸರಿಗೆ ಇನ್ನೂ ಕಾರು ಓಡಿಸಲು ಬಿಡದಿದ್ದ ಕಾಲ ಅದು. ಮದುವೆಯಾದ ಹೊಸತರಲ್ಲಿ ನಾನು ಅಲ್ ಖರ್ಜಿಗೆ ಹೋಗಿದ್ದೆ. ಗಂಡನಿಗೆ ಅಲ್ಲಿನ ಹಾಲಿನ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಕಂಪೆನಿಯ ಬಸ್ಸು ಅವರನ್ನು ಕೊಂಡೊಯ್ದರೆ ಸಂಜೆ ತಂದುಬಿಡುತ್ತಿತ್ತು. ಅಷ್ಟು ಹೊತ್ತೂ ನಾನು, ನಾಲ್ಕು ಗೋಡೆ, ಉಡುಪಿಯಿಂದ ತಂದಿದ್ದ ಬಿ.ಎಸ್ಸಿ. ಸರ್ಟಿಫಿಕೇಟು. ಹೋದ ಮೂರನೆಯ ದಿನ ಎದುರು ಬಾಗಿಲಿನ ಅಕ್ಕ ಒಂದು ಬಟ್ಟಲು ಪತ್ತಿರಿ, ಅದೇ ತೆಳ್ಳಗಿನ ಅಕ್ಕಿರೊಟ್ಟಿ, ಹಿಡಿದು, ಬೆಲ್ಲು ಒತ್ತದೆ, ನೇರ ಅಡುಗೆಮನೆಗೇ ಬಂದರು. ಬಂಟ್ವಾಳದ ಕಡೆಯವರು. ಮನೆಯಲ್ಲಿ ಬ್ಯಾರಿ ಮಾತಾಡುತ್ತಿದ್ದರು, ನನ್ನ ಹತ್ತಿರ ಕನ್ನಡ.

"ಬಟ್ಟಲು ಖಾಲಿ ವಾಪಸ್ ಕಳಿಸ್ಬಾರ್ದು, ಗೊತ್ತುಂಟಲ್ಲ?" ಎಂದು ಬೆದರಿಸಿ ಹೋದರು. ಅಂದಿನಿಂದ ಆ ಬಟ್ಟಲು ಎರಡು ಮನೆಗಳ ನಡುವೆ ಓಡಾಡುತ್ತಲೇ ಇತ್ತು. ಬೆಲ್ ಒತ್ತುವುದಾಗಲಿ, ಬಾಗಿಲು ಬಡಿಯುವುದಾಗಲಿ ನಮ್ಮಲ್ಲಿರಲಿಲ್ಲ.

ಅಕ್ಕನಿಗೆ ಮೂವತ್ತೆರಡು ವರ್ಷ, ಶಾಲೆಗೆ ಹೋಗುವ ಒಬ್ಬಳು ಮಗಳು. ಓದಿದ್ದು ಬಿ.ಎ. ಅವರ ಗಂಡನ ಅಣ್ಣ ಅಮೆರಿಕದಲ್ಲಿದ್ದರು. ಇವರ ಕುಟುಂಬವನ್ನು ಕರೆಸಿಕೊಳ್ಳಲು ಎಷ್ಟೋ ವರ್ಷದ ಹಿಂದೆ ಹಾಕಿದ್ದ ಅರ್ಜಿ ಕೊನೆಗೂ ಹತ್ತಿರ ಬಂದಿತ್ತು. ಅಲ್ಲಿ ಯಾವ ಡಿಗ್ರಿ ಆದವರೂ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಬಹುದು, ಆದರೆ ಬಯಾಲಜಿ, ಫಿಸಿಕ್ಸ್, ಕೆಮಿಸ್ಟ್ರಿಗಳನ್ನು ಕಾಲೇಜು ಮಟ್ಟದಲ್ಲಿ ಮೊದಲು ಪಾಸು ಮಾಡಿರಬೇಕು ಎಂಬುದನ್ನು ಅಕ್ಕ ಎಲ್ಲಿಂದಲೋ ತಿಳಿದುಕೊಂಡಿದ್ದರು. ಅಲ್ಲಿನ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ತರಗತಿಗೆ ಸೇರಿ, ಮನೆಯಲ್ಲೇ ಕುಳಿತು ಒಂದೊಂದಾಗಿ ಮುಗಿಸುತ್ತಿದ್ದರು.

ಡಾಕ್ಟರಾಗಬೇಕೆಂಬ ಆಸೆ ಅವರಿಗೆ ಹುಟ್ಟಿದ್ದು ಅಲ್ ಖರ್ಜಿನ ಕ್ಲಿನಿಕ್ಕಿನಲ್ಲಿ. ನಮ್ಮೂರ ಕಡೆಯ ಹೆಂಗಸರಿಗೆ ಹುಷಾರಿಲ್ಲವಾದರೆ ಅಕ್ಕ ಜೊತೆಗೆ ಹೋಗಿ, ಬ್ಯಾರಿಯಲ್ಲೋ ಕನ್ನಡದಲ್ಲೋ ಕೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಡಾಕ್ಟರಿಗೆ ಹೇಳುತ್ತಿದ್ದರು. "ಹೆಂಗಸರ ನೋವನ್ನು ಗಂಡಂದಿರು ಇಂಗ್ಲಿಷ್ ಮಾಡಿ ಹೇಳಿದ್ರೆ ಅರ್ಧ ದಾರಿಯಲ್ಲೇ ಬಿದ್ದುಹೋಗ್ತದೆ ಮಾರಾಯ್ತಿ" ಎನ್ನುತ್ತಿದ್ದರು. ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುವ ನೆನಪಿನ ಶಕ್ತಿ ಅವರದ್ದು. ಯಾರಿಗೆ ಯಾವಾಗ ಜ್ವರ ಬಂದಿತ್ತು, ಯಾವ ಮಾತ್ರೆ ಆಗಿಬರಲಿಲ್ಲ, ಎಲ್ಲ ಬಾಯಿಪಾಠ.

ನಾನು ಬಿ.ಎಸ್ಸಿ. ಎಂದು ಗೊತ್ತಾದ ದಿನವೇ ಪುಸ್ತಕ ಹೊತ್ತು ತಂದರು. ಅಂದಿನಿಂದ ನಾನು ಅವರ "ಟೀಚರಮ್ಮ", ಅವರು ನನ್ನ "ಡಾಕ್ಟ್ರು". ಮಧ್ಯಾಹ್ನದ ಅಡುಗೆ ಒಲೆಯ ಮೇಲಿರುವಾಗಲೇ ಸಮೀಕರಣಗಳನ್ನು ಸರಿದೂಗಿಸುತ್ತಿದ್ದೆವು. ಗಾಳಿ ಸಾಲದೆ ಉರಿದ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುವ ಪಾಠವನ್ನೂ ನಾನೇ ಹೇಳಿಕೊಟ್ಟೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟು ಇದನ್ನೇ ಅಪ್ಪಿಕೊಳ್ಳುತ್ತದೆ ಎಂದೆ. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದರು. "ನಾಚಿಕೆ ಇಲ್ಲದ್ದು! ಮನೆಯವನನ್ನು ಬಿಟ್ಟು ದಾರಿಹೋಕನ ಕೈ ಹಿಡ್ಕೊಂಡು ಹೋದ ಹಾಗೆ" ಎಂದು ಕಣ್ಣೀರು ಬರುವಷ್ಟು ನಕ್ಕರು. ನಾನೂ ನಕ್ಕೆ.

ಪರೀಕ್ಷೆಯೂ ಮನೆಯಲ್ಲೇ, ಆದರೆ ಕ್ಯಾಮೆರಾದ ಎದುರು. ಅಮೆರಿಕದಲ್ಲಿ ಕುಳಿತ ಮೇಲ್ವಿಚಾರಕ ಇಡೀ ಹೊತ್ತು ನೋಡುತ್ತಿರುತ್ತಾನೆ. ಕೋಣೆಗೆ ಒಳಗಿನಿಂದ ಚಿಲಕ ಹಾಕಿರಬೇಕು, ಬೇರೆಯವರ ಧ್ವನಿ ಕೇಳಬಾರದು, ಮುಖ ಕ್ಯಾಮೆರಾದಿಂದ ಸರಿಯಬಾರದು. ಬಯಾಲಜಿ, ಫಿಸಿಕ್ಸ್ ಹಾಗೆಯೇ ಪಾಸಾದವು. ಡಿಸೆಂಬರಿನಲ್ಲಿ ಕೆಮಿಸ್ಟ್ರಿಯ ಕೊನೆಯ ಪರೀಕ್ಷೆ ನಡೆಯುತ್ತಿದ್ದಾಗ ನಾನು ಬಟ್ಟಲಿನಲ್ಲಿ ಕಡುಬು ಹಿಡಿದು, ಅಭ್ಯಾಸದಂತೆ ಒಳಗೆ ನುಗ್ಗಿ, ಕೋಣೆಯ ಬಾಗಿಲು ತಟ್ಟಿ "ಅಕ್ಕಾ, ಬಿಸಿ ಉಂಟು" ಎಂದು ಕೂಗಿದ್ದೆ. ಪರೀಕ್ಷೆ ಇದ್ದದ್ದು ಮರುದಿನ ಎಂದೇ ನಾನು ತಿಳಿದಿದ್ದೆ. ಮೇಲ್ವಿಚಾರಕ ಅಲ್ಲಿಗೇ ಪರೀಕ್ಷೆಯನ್ನು ರದ್ದು ಮಾಡಿದ.

ಅಕ್ಕ ಬೈಯಲಿಲ್ಲ. ಕಡುಬು ತಿಂದರು. ಆ ರಾತ್ರಿ ಅವರು ಅತ್ತದ್ದನ್ನು ಅವರ ಮಗಳು ಮರುದಿನ ನನಗೆ ಹೇಳಿದಳು... ಎಷ್ಟೋ ಪತ್ರ ಬರೆದ ಮೇಲೆ ಜನವರಿಯಲ್ಲಿ ಇನ್ನೊಂದು ಅವಕಾಶ ಸಿಕ್ಕಿತು. ಅದೇ ಕೊನೆಯದ್ದು ಎಂದು ವಿಶ್ವವಿದ್ಯಾಲಯ ಖಡಾಖಂಡಿತವಾಗಿ ಬರೆದಿತ್ತು.

ಮರುಭೂಮಿಯ ಜನವರಿಯ ಚಳಿ ನಮ್ಮ ಕರಾವಳಿಯವರಿಗೆ ತಿಳಿಯುವಂಥದ್ದಲ್ಲ, ಕೈಬೆರಳು ಮರಗಟ್ಟುತ್ತದೆ. ಆ ಹಳೆಯ ಕಟ್ಟಡದಲ್ಲಿ ಹೀಟರ್ ಹಾಕಿದರೆ ಒಮ್ಮೊಮ್ಮೆ ಮೇನ್ ಸ್ವಿಚ್ಚೇ ಬೀಳುತ್ತಿತ್ತು. ಕರೆಂಟು ಹೋದರೆ ಇಂಟರ್ನೆಟ್ ಹೋಗುತ್ತದೆ, ಇಂಟರ್ನೆಟ್ ಹೋದರೆ ಪರೀಕ್ಷೆ ಹೋಗುತ್ತದೆ. ಅದಕ್ಕೆ ಅಕ್ಕ ಮನೆಯ ಮಾಲೀಕರಿಂದ ಒಂದು ಅಗ್ಗಿಷ್ಟಿಕೆ ಕೇಳಿ ತಂದಿದ್ದರು. ಪರೀಕ್ಷೆಗೆಂದು ಸಾಮಾನಿನ ಚಿಕ್ಕ ಕೋಣೆಯನ್ನು ಆರಿಸಿದ್ದರು. ರಸ್ತೆಯ ಸದ್ದು ಬಾರದಿರಲೆಂದು ಎ.ಸಿ.ಯ ಸಂದುಗಳಿಗೆ ಕಂಬಳಿ ತುರುಕಿದ್ದರು. ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾಗುವವರೆಗೆ ಇಬ್ಬರೂ ಕಾದೆವು.

"ನೋಡು, ಒಂದು ಎಳೆ ಹೊಗೆ ಇಲ್ಲ" ಎಂದರು ಅಕ್ಕ. ಹೌದು, ಇರಲಿಲ್ಲ. ಅಗ್ಗಿಷ್ಟಿಕೆಯ ಒಂದು ಹಿಡಿಯನ್ನು ಅವರು ಹಿಡಿದರು, ಇನ್ನೊಂದನ್ನು ನಾನು. ಇಬ್ಬರೂ ಸೇರಿ ಒಳಗೆ ತಂದು ಅವರ ಕಾಲ ಬಳಿ ಇಟ್ಟೆವು. ಪಾಠ ಹೇಳಿದವಳು ನಾನು, ಪಾಠ ಕಲಿತವರು ಅವರು, ಪುಸ್ತಕ ಮೇಜಿನ ಮೇಲಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ಸಮೀಕರಣ ನಮಗೆ ಪರೀಕ್ಷೆಯಲ್ಲಿ ಬರುವ ವಸ್ತುವಾಗಿತ್ತು, ಕಾಲ ಬುಡದಲ್ಲಿ ಇಡುವ ವಸ್ತುವಾಗಿರಲಿಲ್ಲ.

"ನೀನು ಹೊರಗೆ ಹಾಲ್‌ನಲ್ಲೇ ಕೂತ್ಕೊ. ನೀರಿನವನು, ಗ್ಯಾಸಿನವನು, ಯಾರು ಬಂದ್ರೂ ಹೊರಗಿಂದಲೇ ಕಳಿಸು. ನನ್ನ ಬಾಗಿಲು ಮಾತ್ರ ಬಡೀಬೇಡ. ಕಡುಬು ಇದ್ರೂ ಬಡೀಬೇಡ."

"ಇಲ್ಲ ಡಾಕ್ಟ್ರೇ, ಬಾಯಿಗೆ ಬೀಗ."

ಚಿಲಕ ಬಿದ್ದ ಸದ್ದು ಕೇಳಿತು. ಆಮೇಲೆ ಬಾಗಿಲ ಬುಡದ ಸಂದಿಗೆ ಒಳಗಿನಿಂದ ಟವೆಲ್ ತುರುಕುವುದು ಕಾಣಿಸಿತು. ಆಗ ಎಂಟು ಗಂಟೆ. ಹತ್ತಕ್ಕೆ ಪರೀಕ್ಷೆ ಮುಗಿಯಬೇಕು.

ಅಕ್ಕನ ಕುರ್ಚಿ ಹಳೆಯದು, ಮೈ ಅಲುಗಿದರೆ ಕಿರ್ ಎನ್ನುತ್ತಿತ್ತು. ಆ ಕಿರ್ ಕೇಳಿದಾಗಲೆಲ್ಲ ಇನ್ನೊಂದು ಪ್ರಶ್ನೆ ಮುಗಿಯಿತು ಎಂದುಕೊಳ್ಳುತ್ತಾ ಗೋಡೆಯ ಗಡಿಯಾರ ನೋಡುತ್ತಿದ್ದೆ. ಒಂಬತ್ತು ಹನ್ನೆರಡಕ್ಕೆ ಮೇಜಿಗೆ ಏನೋ ಮೆಲ್ಲಗೆ ತಗುಲಿದ ಸದ್ದಾಯಿತು. ಆಮೇಲೆ ಕುರ್ಚಿಯ ಸದ್ದು ಕೇಳಲಿಲ್ಲ. ಉದ್ದದ ಲೆಕ್ಕ ಬಂದಿರಬೇಕು ಅಂದುಕೊಂಡೆ. ಗಡಿಯಾರ ಒಂಬತ್ತು ಹದಿನೈದು ತೋರಿಸಿತು, ಹದಿನೇಳು ತೋರಿಸಿತು. ಎದ್ದು ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಗಂಡಸಿನ ಧ್ವನಿ, ಇಂಗ್ಲಿಷಿನಲ್ಲಿ: ದಯವಿಟ್ಟು ಮುಖವನ್ನು ಕ್ಯಾಮೆರಾಕ್ಕೆ ತೋರಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ: ಮೇಡಂ, ಇದು ನಿಮಗೆ ಎಚ್ಚರಿಕೆ.

ನನ್ನ ಕೈ ಮೇಲೆದ್ದಿತ್ತು. ಮುಷ್ಟಿ ಕಟ್ಟಿತ್ತು. ಬಾಗಿಲಿಗೂ ಅದಕ್ಕೂ ಒಂದು ಗೇಣಿನ ಅಂತರ... ಡಿಸೆಂಬರ್ ನೆನಪಾಯಿತು, ಕೊನೆಯ ಅವಕಾಶ ಎಂಬುದು ನೆನಪಾಯಿತು. ನಿದ್ದೆಗೆಟ್ಟು ಓದಿದ್ದಾರೆ, ತೂಕಡಿಸಿರಬೇಕು, ಅವನೇ ಎಬ್ಬಿಸುತ್ತಾನೆ ಅಂದುಕೊಂಡೆ. ಕೈ ಇಳಿಸಿದೆ. ಅಲ್ಲಿಯೇ ನಿಂತು, ಏಳಿ ಅಕ್ಕ, ಏಳಿ ಅಕ್ಕ ಎಂದು ಸದ್ದಿಲ್ಲದೆ ತುಟಿ ಅಲುಗಿಸುತ್ತಿದ್ದೆ.

ಒಂಬತ್ತು ಇಪ್ಪತ್ತಾರಕ್ಕೆ ಆ ಧ್ವನಿ ಬದಲಾಯಿತು. ಮನೆಯಲ್ಲಿ ಬೇರೆ ಯಾರಾದರೂ ಇದ್ದೀರಾ ಎಂದು ಅವನು ಕೂಗುತ್ತಿದ್ದ. ಯಾರಾದರೂ, ಯಾರಾದರೂ ಸರಿ, ದಯವಿಟ್ಟು ಕೋಣೆಯೊಳಗೆ ಹೋಗಿ.

ಬೇರೆ ಯಾರೂ ಕೋಣೆಗೆ ಬರಕೂಡದೆಂದು ಕಾಯುತ್ತಿದ್ದವನೇ ಹಾಗೆ ಕೂಗಿದಾಗ ಸಂದಿಯಿಂದ ಒಳಗೆ ನೋಡಲೆಂದು ನೆಲಕ್ಕೆ ಬಗ್ಗಿದೆ. ಬಾಗಿಲ ಬುಡದ ಆ ಟವೆಲ್ ಕಣ್ಣಿಗೆ ನೇರ ಬಿತ್ತು. ಗಾಳಿ ಸಾಲದೆ ಉರಿದ ಇದ್ದಿಲು... ಬಣ್ಣವಿಲ್ಲ, ವಾಸನೆಯಿಲ್ಲ... ನನ್ನದೇ ಧ್ವನಿಯಲ್ಲಿ ಇಡೀ ಪಾಠ ನೆನಪಾಯಿತು.

ಬಾಗಿಲು ಬಡಿದೆ, ಒದ್ದೆ, ಭುಜ ಕೊಟ್ಟೆ. ಅಲುಗಲಿಲ್ಲ. ಮೆಟ್ಟಿಲ ಬಳಿ ಓಡಿ ಕಟ್ಟಡದ ಕಾವಲಿನವನನ್ನು ಕೂಗಿದೆ. ಬಾಂಗ್ಲಾದೇಶದ ಮುದುಕ, ಕಬ್ಬಿಣದ ಸರಳು ಹಿಡಿದು ಎರಡೆರಡು ಮೆಟ್ಟಿಲು ಹಾರಿ ಬಂದ. ಚಿಲಕ ಕಿತ್ತು ಬಂದ ಕೂಡಲೇ ಅವನು ಮುಖವನ್ನು ಗೋಡೆಗೆ ತಿರುಗಿಸಿ ನಿಂತ. ಒಳಗೆ ಹೆಂಗಸು ತಲೆಗೆ ಬಟ್ಟೆಯಿಲ್ಲದೆ ಇರಬಹುದಲ್ಲ. "ಭಾಭಿ, ಆಪ್ ಜಾವೋ, ಜಲ್ದಿ, ಜಲ್ದಿ!" ನೀವೇ ಒಳಗೆ ಹೋಗಿ, ಬೇಗ ಎಂದು ಗೋಡೆಗೇ ಕೂಗುತ್ತಿದ್ದ. ಒಂಬತ್ತು ಇಪ್ಪತ್ತೊಂಬತ್ತು.

ಅಕ್ಕ ಮೇಜಿನ ಮೇಲೆ ಕೆನ್ನೆಯಿಟ್ಟಿದ್ದರು. ಕೆನ್ನೆ ಯಾವತ್ತಿಗಿಂತ ಕೆಂಪಾಗಿತ್ತು, ಆರೋಗ್ಯವಂತರ ಹಾಗೆ. ಕಂಕುಳಿಗೆ ಕೈಕೊಟ್ಟು ಎಳೆದೆ. ಪರದೆಯ ಮೂಲೆಯಲ್ಲಿ ಪರೀಕ್ಷೆಯ ಸಮಯ ಇನ್ನೂ ಇಳಿಯುತ್ತಲೇ ಇತ್ತು. "ಉಸಿರಾಡುತ್ತಿದ್ದಾರಾ? ಹೇಳಿ, ಉಸಿರಾಡುತ್ತಿದ್ದಾರಾ?" ಎಂದು ಆ ಕಾಣದ ಮನುಷ್ಯ ಕೇಳುತ್ತಿದ್ದ. ನಾನು ಬಾಲ್ಕನಿಯತ್ತ ಎಳೆಯುತ್ತಲೇ ಇದ್ದೆ.

ಬಾಲ್ಕನಿಯ ಚಳಿಗಾಳಿಯಲ್ಲಿ ಮಲಗಿಸಿ ಕೆನ್ನೆ ತಟ್ಟುತ್ತಾ ಹೋದೆ. ಕಾವಲಿನವನು ಆಂಬುಲೆನ್ಸಿಗೆ ಫೋನು ಮಾಡಿದ. ಎಷ್ಟೋ ಹೊತ್ತಿನ ಮೇಲೆ ಅಕ್ಕ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟರು. ಮೊದಲು ಕೇಳಿದ್ದು, "ಬಾಗಿಲು ಯಾರು ತೆಗ್ದದ್ದು?"

"ನಾನು ಅಕ್ಕ."

"ಇನ್ನೆಷ್ಟು ಟೈಮ್ ಉಂಟು?" ಎಂದು ಏಳಲು ನೋಡಿದರು.

ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿದರು. ಡಾಕ್ಟರು ನನ್ನನ್ನು ಕರೆದು, ಎಚ್ಚರ ತಪ್ಪಿ ಎಷ್ಟು ಹೊತ್ತು ಒಳಗಿದ್ದರು ಎಂದು ಕೇಳಿದರು. ತುಂಬ ಹೊತ್ತಾಗಿದ್ದರೆ ರಿಯಾದಿಗೆ ಕಳಿಸಬೇಕು, ಒತ್ತಡದಲ್ಲಿ ಆಮ್ಲಜನಕ ಕೊಡುವ ಯಂತ್ರ ಅಲ್ಲಿದೆ ಎಂದರು. ಅದೇ ಹಾಲಿನ ಕಾರ್ಖಾನೆಯ ಕೆಲಸದಿಂದ ಓಡಿಬಂದ ಅಕ್ಕನ ಗಂಡ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು. ಮೇಜಿನ ಆ ಸದ್ದಿನಿಂದ ಬಾಗಿಲು ಒಡೆಯುವವರೆಗೆ ಹದಿನೇಳು ನಿಮಿಷ. ಅದರಲ್ಲಿ ಹದಿನಾಲ್ಕನ್ನು ನಾನು ಬಾಗಿಲ ಹೊರಗೆ ಸುಮ್ಮನೆ ಕಳೆದಿದ್ದೆ.

"ಐದು ನಿಮಿಷ" ಎಂದೆ.

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ರಿಯಾದಿಗೆ ಕಳಿಸಲಿಲ್ಲ. ಅಕ್ಕನ ಗಂಡ ಎರಡೂ ಕೈ ಎತ್ತಿ ದೇವರಿಗೆ ಕೃತಜ್ಞತೆ ಹೇಳಿದರು, ಆಮೇಲೆ ನನಗೂ.

ಮೂರನೆಯ ದಿನ ಅಕ್ಕ ಮನೆಗೆ ಬಂದರು. ಮೇಲ್ವಿಚಾರಕ ಬರೆದ ವರದಿಯಿಂದ ವಿಶ್ವವಿದ್ಯಾಲಯದ ಮನಸ್ಸೂ ಕರಗಿ, ಇಲ್ಲ ಎಂದಿದ್ದ ಇನ್ನೊಂದು ಅವಕಾಶವನ್ನು ಕೊಟ್ಟಿತು. ನಾವಿಬ್ಬರೂ ಕುಣಿದಾಡುವುದೊಂದು ಬಾಕಿ. ಆದರೆ ಮೂರು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಅಕ್ಕ ಅದನ್ನೇ ನೋಡುತ್ತ ನಿಂತಿದ್ದರು. ಮತ್ತೊಂದು ದಿನ ಮಗಳ ವ್ಯಾನಿನ ಹೊತ್ತು ಮರೆತರು. ಸಮೀಕರಣದ ಎಡಬದಿ ಬರೆದು ಬಲಕ್ಕೆ ಬರುವಷ್ಟರಲ್ಲಿ ಎಡದ್ದು ತಲೆಯಿಂದ ಜಾರಿರುತ್ತಿತ್ತು. ಈ ಅನಿಲ ಕೆಲವರಲ್ಲಿ ವಾರಗಳ ಮೇಲೆ ಹೀಗೆ ಮಾಡುವುದುಂಟು ಎಂದರು ಡಾಕ್ಟರು. ಸರಿಹೋಗಬಹುದು, ಹೋಗದೆಯೂ ಇರಬಹುದು. ರಿಯಾದಿಗೆ ಹೋಗಿದ್ದರೆ ಹೀಗಾಗುತ್ತಿರಲಿಲ್ಲವೇ? ಅದನ್ನು ನಾನು ಯಾರನ್ನೂ ಕೇಳಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅಕ್ಕ ಪುಸ್ತಕ ಮುಚ್ಚಿ ನನ್ನ ಮಡಿಲಿಗಿಟ್ಟರು. "ಸಾಕು ಟೀಚರಮ್ಮ. ಮಂಡೆಯೊಳಗೆ ನಿಲ್ಲುದಿಲ್ಲ. ನಾಳೆ ಒಬ್ಬಳಿಗೆ ತಪ್ಪು ಮದ್ದು ಕೊಟ್ರೆ? ಅದು ಪಾಪ." ಅವರು ಅಳಲಿಲ್ಲ. ನಾನು ಅವರ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮರುವರ್ಷ ಅವರು ಅಮೆರಿಕಕ್ಕೆ ಹೋದರು, ನಾವು ಊರಿಗೆ ಮರಳಿದೆವು. ಕೆಲವು ವರ್ಷ ಹಬ್ಬಕ್ಕೊಮ್ಮೆ ಅಕ್ಕನ ಫೋನು ಬರುತ್ತಿತ್ತು. ಅಲ್ಲಿಯೂ ನಮ್ಮ ಕಡೆಯ ಹೆಂಗಸರ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದರಂತೆ. ಆದರೆ ಕೈಯಲ್ಲೊಂದು ಪುಟ್ಟ ಪುಸ್ತಕ. ಹೆಂಗಸು ಹೇಳಿದ್ದನ್ನು ಬರೆದುಕೊಂಡು, ಡಾಕ್ಟರಿಗೆ ಓದಿ ಹೇಳುವುದು. ಇಲ್ಲವಾದರೆ ಇವಳಿಂದ ಅವನಿಗೆ ತಲುಪುವಷ್ಟರಲ್ಲಿ ಮರೆತಿರುತ್ತದೆ ಎಂದು ನಕ್ಕರು.

"ಆ ದಿನದ್ದು ನನಗೆ ಎಂತದೂ ನೆನಪಿಲ್ಲ ಮಾರಾಯ್ತಿ. ಇವರು ಹೇಳಿದ್ದನ್ನು ಕೇಳಿ ಪುಸ್ತಕದಲ್ಲಿ ಬರ್ದಿಟ್ಟಿದ್ದೇನೆ, ಮರೀಬಾರ್ದು ಅಂತ. ಓದ್ಲಾ? 'ಎದುರುಮನೆ ಹುಡುಗಿ ಕೂಡಲೇ ಬಂದು ಬಾಗಿಲು ಒಡೆಸಿದಳು.' ಸರಿ ಉಂಟಲ್ಲ?"

"ಸರಿ ಉಂಟು ಅಕ್ಕ" ಎಂದೆ.

ಮೊನ್ನೆ ಕಿಟಕಿ ತೆರೆದಿಟ್ಟು ಕುಳಿತಿದ್ದ ಆ ಸಂಜೆ, ಹೇಳಿಬಿಡೋಣ ಎಂದು ಆ ನಂಬರಿಗೆ ಕರೆ ಮಾಡಿದೆ. ಬೇರೆ ಯಾರೋ ಎತ್ತಿಕೊಂಡರು. ಈ ನಂಬರು ತಮ್ಮದಾಗಿ ವರ್ಷದ ಮೇಲಾಯಿತು ಎಂದರು. ಊರಲ್ಲಿ ವಿಚಾರಿಸಿದರೆ ಅವರ ಮನೆಯವರೆಲ್ಲ ಬಂಟ್ವಾಳ ಬಿಟ್ಟುಹೋಗಿದ್ದಾರೆ. ಅಕ್ಕ ಈಗ ಎಲ್ಲಿದ್ದಾರೋ, ಹೇಗಿದ್ದಾರೋ... ನನ್ನನ್ನು ಮರೆತಿರಲೂಬಹುದು. ಮರೆತಾಗಲೆಲ್ಲ ಪುಸ್ತಕ ತೆಗೆದು ನೋಡುತ್ತಾರೆ, ಅದರಲ್ಲಿ ನಾನು ಕೂಡಲೇ ಬಂದಿರುತ್ತೇನೆ.