ಆಲ್ದೋ ಬಂದಮ್ಯಾಲ ಬಟ್ ಯಾಕ?

ಒದ್ದೆ ಲಾವಂಚದ ವಾಸನೆ ಎಲ್ಲೇ ಬರಲಿ, ಹಿಮಾಯತ್‌ನಗರದ ನಮ್ಮ ಹಳೆಯ ಮನೆಯ ಬೇಸಿಗೆ ಕಣ್ಣೆದುರು ನಿಲ್ಲುತ್ತದೆ. ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ಮಧ್ಯಾಹ್ನವೆಲ್ಲ ನೀರು ಚಿಮುಕಿಸುವುದು ನನ್ನ ಕೆಲಸ. ಆ ತಂಪಿನಲ್ಲಿ ಅಜ್ಜ ಆರಾಮಕುರ್ಚಿಗೆ ಒರಗಿರುತ್ತಿದ್ದರು. ಚಿಕ್ಕಪ್ಪನ ಹೆಂಡತಿ ಕಮಲಾ ಕಾಕು ಕೆಳಗೆ ಕುಳಿತು ಇಂಗ್ಲಿಷ್ ಓದುತ್ತಿದ್ದಳು. ಕಲಬುರಗಿಯಲ್ಲಿ ಕನ್ನಡದಲ್ಲೇ ಓದಿ ಬಂದ ಸೊಸೆಗೆ ಇಂಗ್ಲಿಷ್ ಟೀಚರ್ ಆಗುವ ಹಟ. ಹಿಂದಿನ ವರ್ಷ ನಾಂಪಲ್ಲಿ ಕಡೆಯ ಒಂದು ಶಾಲೆಯ ಸಂದರ್ಶನದಲ್ಲಿ ಅವಳು "ಆಲ್ದೋ ಐ ಸ್ಟಡೀಡ್ ಇನ್ ಕನ್ನಡ, ಬಟ್..." ಎನ್ನುತ್ತಲೇ ಹೆಡ್‌ಮಿಸ್ ನಕ್ಕುಬಿಟ್ಟಿದ್ದರು. ವಾಕ್ಯ ಮುಗಿಸಲೂ ಬಿಟ್ಟಿರಲಿಲ್ಲ. ಅಂದು ಕಾಕು ಊಟಕ್ಕೇ ಏಳಲಿಲ್ಲ.

ಒಂದು ಮಧ್ಯಾಹ್ನ ಅಜ್ಜ ಅವಳನ್ನು ಕೇಳಿದರು: "ಕಮಲವ್ವಾ, 'ಮಳಿ ಬಂದರೂ ಹೋದೆ' ಅಂತೀವಿ. 'ಮಳಿ ಬಂದರೂ, ಆದರ ಹೋದೆ' ಅಂತೀವೇನು?"

ಕಾಕು ಎರಡನ್ನೂ ಒಮ್ಮೆ ಬಾಯಲ್ಲೇ ಹೇಳಿಕೊಂಡಳು. ಆಮೇಲೆ ಮುಖ ಅರಳಿತು. "ಅಯ್ಯ ಮಾವಾರ! ಆಲ್ದೋ ಅಂದ್ರ ನಮ್ಮ 'ಬಂದರೂ'ದಾಗಿನ 'ರೂ'ನ ಅಲ್ಲೇನ್ರಿ! ನಮ್ಮಲ್ಲೆ ಹಿಂದ ಬರತೈತಿ, ಅವರಲ್ಲೆ ಮುಂದ ಬಂದು ಕುಂತೈತಿ. ಅದು ಇದ್ದಮ್ಯಾಲ ಬಟ್ ಯಾಕ ಬೇಕ್ರಿ?"

ಆ ಬೇಸಿಗೆಯಿಡೀ ಮನೆಯಲ್ಲಿ ಅದೇ ಆಟ. ರೊಟ್ಟಿ ಬಡಿಯುವಾಗ, ಬಟ್ಟೆ ಒಣಹಾಕುವಾಗ ಕಾಕು ವಾಕ್ಯ ಕಟ್ಟುತ್ತಿದ್ದಳು; ಬಾಯಿ ತಪ್ಪಿ ಬಟ್ ಬಂದರೆ ನಾವು ಮಕ್ಕಳು ಚಪ್ಪಾಳೆ ತಟ್ಟಿ ಹಿಡಿಯುತ್ತಿದ್ದೆವು. ಬರಬರುತ್ತ ನಮ್ಮ ಚಪ್ಪಾಳೆಗೆ ಕೆಲಸವೇ ಇಲ್ಲವಾಯಿತು.

ಮೇ ಕೊನೆಗೆ ಕಾಕು ಮತ್ತೆ ಅದೇ ಶಾಲೆಗೆ ಸಂದರ್ಶನಕ್ಕೆ ಹೋದಳು. "ಆಲ್ದೋ ಐ ಸ್ಟಡೀಡ್ ಇನ್ ಕನ್ನಡ, ಐ ಕ್ಯಾನ್ ಟೀಚ್ ಇಂಗ್ಲಿಷ್," ಎಂದು ಹೆಡ್‌ಮಿಸ್ ಎದುರು ತಲೆಯೆತ್ತಿ ಹೇಳಿದಳು. ಈ ಸಲ ಅವರು ನಗಲಿಲ್ಲ. ಮಕ್ಕಳು ಬಟ್ ಸೇರಿಸಿದರೆ ಹೇಗೆ ತಿದ್ದುತ್ತೀರಿ ಎಂದು ಕೇಳಿದರು. ಅಲ್ಲಿನ ಮಕ್ಕಳ ಮನೆಮಾತು ತೆಲುಗು; ನೆರೆಹೊರೆಯ ಒಡನಾಟದಲ್ಲಿ ಕಾಕುವಿಗೂ ಅದು ಬರುತ್ತಿತ್ತು. ಕಾಕು ಸೀಮೆಸುಣ್ಣ ಕೇಳಿ ಪಡೆದು, "ವಾನ ವಚ್ಚಿನಾ ವೆಳ್ಳಾನು" ಎಂದು ಬೋರ್ಡಿನ ಮೇಲೆ ಬರೆದು, 'ಮಳೆ ಬಂದರೂ ಹೋದೆ' ಎಂಬ ಆ ಮಾತಿನಲ್ಲಿ 'ನಾ' ಇರುವಾಗ ಬಟ್ ಬೇಡವೆಂದು ತೆಲುಗಿನಲ್ಲೇ ಬಿಡಿಸಿ ಹೇಳಿದಳು. ಹೆಡ್‌ಮಿಸ್ ಎದ್ದು ಬಂದು ಕೈಕುಲುಕಿ, ಜೂನ್‌ನಿಂದ ಬನ್ನಿ ಎಂದರು.

ಸಂಜೆ ಆಟೋದಿಂದ ಇಳಿಯುತ್ತಲೇ ಕಾಕು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಗೆದ್ದೆನ್ರಿ ಮಾವಾರ!" ಕೈಯಲ್ಲಿ ಬಿಸಿ ಜಿಲೇಬಿಯ ಪೊಟ್ಟಣ. ಯಾರು ಬಂದರೂ ಕುಳಿತಲ್ಲಿಂದ ಏಳದ ಅಜ್ಜ ಬಾಗಿಲವರೆಗೆ ನಡೆದು ಬಂದು, ಸೊಸೆಯ ತಲೆಯ ಮೇಲೆ ಕೈಯಿಟ್ಟರು. "ಭಾಳ ಛಲೋ ಆತವಾ," ಎಂದಷ್ಟೇ ಹೇಳಿದರು.

ನಿವೃತ್ತಿಯಾಗುವವರೆಗೂ ಕಾಕು ಅಲ್ಲೇ ಕಲಿಸಿದಳು. ಈಗ ಅಜ್ಜನಿಲ್ಲ, ಕಾಕುವೂ ಇಲ್ಲ. ಮನೆಯಿದ್ದ ಜಾಗದಲ್ಲಿ ಸೀರೆ ಅಂಗಡಿ ಎದ್ದಿದೆ. ಆ ಬೀದಿಯಲ್ಲಿ ಹೋದಾಗಲೆಲ್ಲ, ಹಳೆಯ ಮನೆ ಕಳೆದುಕೊಂಡ ಎಲ್ಲರಂತೆ, ನಾನೂ ಆ ಅಂಗಡಿಯೆದುರು ಒಂದು ಗಳಿಗೆ ನಿಲ್ಲುತ್ತೇನೆ. ಜನ ತೂರಿಕೊಂಡು ಮುಂದೆ ಹೋಗುತ್ತಾರೆ. ಅಷ್ಟು ಗದ್ದಲದಲ್ಲಿ, ಹೆಸರು ಹಿಡಿದು ಒಳಗೆ ಕರೆಯುವವರು ಮಾತ್ರ ಯಾರೂ ಇಲ್ಲ.