ಬಿಚ್ಚದೆ ಇಟ್ಟ ಸಂಚಿಕೆಗಳು

ನಮ್ಮಪ್ಪ ಕಡೂರಿನಲ್ಲಿ ಕೊಬ್ಬರಿ ವ್ಯಾಪಾರಿ. ಮೀಸೆ ನರೆಯುತ್ತ ಬಂದಿದ್ದ ಆ ಮನುಷ್ಯನಿಗೆ ಮಕ್ಕಳ ಚಿತ್ರಕಥೆ ಪತ್ರಿಕೆಗಳ ಹುಚ್ಚಿತ್ತು, ಅದು ಊರಿಗೆಲ್ಲ ಗೊತ್ತಿತ್ತು. ಸಖರಾಯಪಟ್ಟಣದ ತೋಟಗಳಿಂದ ಗಾಡಿಯಲ್ಲಿ ಬಂದ ಚೀಲಗಳನ್ನು ಮಂಡಿಯಲ್ಲಿ ಇಳಿಸಿಕೊಂಡು ಮನೆಗೆ ಬಂದವರು ಕೈ ತೊಳೆದು, ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ಆಮೇಲಷ್ಟೇ ಪತ್ರಿಕೆ ಮುಟ್ಟುತ್ತಿದ್ದರು.

ಅಪ್ಪ ಚಿಕ್ಕಂದಿನಲ್ಲೇ ಸ್ಕೂಲು ಬಿಟ್ಟವರು. ನಾನು ಅಕ್ಷರ ಕಲಿಯುವಾಗ ಪಕ್ಕದಲ್ಲಿ ಕೂತು ಮತ್ತೆ ಕಲಿತರು. ನನ್ನ ಪಾಠದ ಪುಸ್ತಕ ಅವರಿಗೆ ಹಿಡಿಸಲಿಲ್ಲ. ಯಾರೋ ತಂದುಕೊಟ್ಟ ಚಿತ್ರಕಥೆಯ ಪತ್ರಿಕೆ ಹಿಡಿಸಿತು. ರಾಕ್ಷಸನ ಚಿತ್ರ ನೋಡಿ ಕೆಳಗೆ 'ರಾಕ್ಷಸ' ಎಂದೇ ಬರೆದಿರಬೇಕು ಎಂದು ಊಹಿಸಿ, ಒಂದೊಂದಾಗಿ ಅಕ್ಷರ ಕೂಡಿಸಿ, ಸರಿಯಾದರೆ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಆಮೇಲೆ ಸಂಗ್ರಹ ಶುರುವಾಯಿತು. ಹೊಸ ಸಂಚಿಕೆಗೆ ಬೀರೂರು ಜಂಕ್ಷನ್ನಿನ ಪುಸ್ತಕದಂಗಡಿ. ಹಳೆಯದಕ್ಕೆ ತರೀಕೆರೆ ಸಂತೆ. ಅಲ್ಲಿ ಕಡಲೆಕಾಯಿ ಪೊಟ್ಟಣ ಕಟ್ಟಲು ಇಟ್ಟ ರದ್ದಿಯೊಳಗೆ ಕೈಹಾಕಿ ಹುಡುಕುತ್ತಿದ್ದರು. ತರೀಕೆರೆ ಅಮ್ಮನ ತವರು.

"ಹೆಣ್ಣು ಕೊಟ್ಟ ಊರಲ್ಲಿ ಕೂತ್ಕೊಂಡು ರದ್ದಿ ಆರಿಸ್ತೀರಲ್ಲ, ನಮ್ಮಣ್ಣಂಗೆ ತಲೆ ಎತ್ತೋಕಾಗ್ತಿಲ್ಲ" ಎಂದು ಅಮ್ಮ ಬೈಯುತ್ತಿದ್ದಳು.

"ನಿಮ್ಮಣ್ಣಂಗೂ ಒಂದು ಕೊಡ್ತೀನಿ ಬಿಡು, ಓದ್ಕೊಳ್ಲಿ."

ತಂದದ್ದನ್ನು ಜಗಲಿಯ ಮೇಲೆ ಹರಡಿ ದರ್ಜೆ ನೋಡಿ ವಿಂಗಡಿಸುವುದು ಅಪ್ಪನಿಗೆ ದೊಡ್ಡ ಸಂಭ್ರಮ. ಅದಕ್ಕೂ ಕೊಬ್ಬರಿಯ ಮಾತೇ. ರಕ್ಷಾಪುಟ ಗಟ್ಟಿಯಾಗಿದ್ದು, ಪಿನ್ನು ತುಕ್ಕು ಹಿಡಿಯದೆ, ಬಣ್ಣ ಮಾಸದೆ ಇದ್ದರೆ ಅದು 'ಉಂಡೆ'. ಬೆನ್ನು ಸೀಳಿದ್ದರೆ 'ಹೋಳು'. ಹಾಳೆ ಹೋಗಿದ್ದರೆ 'ಚೂರು'. ನೀರು ಕುಡಿದು ವಾಸನೆ ಬಂದಿದ್ದರೆ 'ಕಮಟು'. ಮೂಸಿ ನೋಡದೆ ಯಾವುದಕ್ಕೂ ದರ್ಜೆ ಹೇಳುತ್ತಿರಲಿಲ್ಲ. ಉಂಡೆಗಳನ್ನು ಬೇವಿನ ಎಲೆ ಹಾಕಿ ಮರದ ಪೆಟ್ಟಿಗೆಯಲ್ಲಿಡುವ ಕೆಲಸ ನನ್ನದು.

ಆಗ ಒಂದು ಪತ್ರಿಕೆಯಲ್ಲಿ ಕುಂಬಾರರ ಹುಡುಗಿಯೊಬ್ಬಳ ಧಾರಾವಾಹಿ ಬರುತ್ತಿತ್ತು. ಊರ ಹೊಳೆ ಇದ್ದಕ್ಕಿದ್ದಂತೆ ಮಾಯವಾಗಿ, ಅದನ್ನು ಹುಡುಕಿಕೊಂಡು ಅವಳು ಒಬ್ಬಳೇ ಹೊರಡುತ್ತಾಳೆ. ಅವಳು ಗವಿಯ ಬಾಯಿಗೆ ಬಂದು ನಿಂತ ತಿಂಗಳಿಗೆ ಸರಿಯಾಗಿ ಬೀರೂರಿನ ಅಂಗಡಿಯವರು ಕಾಯಿಲೆ ಬಿದ್ದರು. ಅಂಗಡಿ ಮತ್ತೆ ತೆರೆಯುವಷ್ಟರಲ್ಲಿ ಕಥೆ ಮುಗಿದುಹೋಗಿತ್ತು. ಅಪ್ಪ ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದರು. "ಗವಿಯೊಳಗೆ ಏನಿತ್ತೋ ಏನೋ ಕಣೇ" ಎಂದು ನನ್ನನ್ನು ಕೇಳುತ್ತಿದ್ದರು. ವರ್ಷ ಕಳೆದರೂ ಆ ಸಂಚಿಕೆಗಳು ಸಿಗಲಿಲ್ಲ.

ಕೊನೆಗೆ ಅಜ್ಜಂಪುರದಿಂದ ಕೊಬ್ಬರಿ ತಂದ ರೈತರೊಬ್ಬರು, ತಮ್ಮೂರಿನ ಮೇಷ್ಟ್ರೊಬ್ಬರ ಮನೆಯಲ್ಲಿ ಇಂಥವು ಒಂದು ಟ್ರಂಕಿನ ತುಂಬ ಇವೆ ಎಂದರು. ಅಷ್ಟು ಸಾಕಾಯಿತು. ಮುಂದಿನ ಭಾನುವಾರವೇ ನನ್ನನ್ನು ಕರೆದುಕೊಂಡು ರೈಲು ಹತ್ತಿದರು.

ಮೇಷ್ಟ್ರು ತೆಳ್ಳಗಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಅಪ್ಪ ಬಂದ ವಿಷಯ ಹೇಳಿದಾಗ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಒಳಗಿನಿಂದ ಟ್ರಂಕು ಎಳೆದು ತಂದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು, ಈಚೆಗೆ ಬರಲಿಲ್ಲ.

ಮೇಲಿದ್ದ ಸಂಚಿಕೆಗಳು ಚೆನ್ನಾಗಿ ಓದಿದಂಥವು. ಮೂಲೆ ಮಡಿಸಿತ್ತು, ರಾಣಿಯರ ಹಣೆಗೆಲ್ಲ ಯಾರೋ ನಿಜವಾದ ಕುಂಕುಮ ಇಟ್ಟಿದ್ದರು. "ಹೋಳು" ಎಂದು ಅಪ್ಪ ಗೊಣಗಿದರು. ಅವುಗಳ ಕೆಳಗೆ, ಅಂಚೆಯಲ್ಲಿ ಬಂದ ಕಂದು ಕಾಗದದ ಸುತ್ತು ಕೂಡ ಬಿಚ್ಚದ ಸಂಚಿಕೆಗಳಿದ್ದವು. ಅಪ್ಪ ಒಂದನ್ನು ಮೂಗಿನ ಹತ್ತಿರ ತಂದರು. ಅವರ ಕಣ್ಣು ಅಗಲವಾಯಿತು.

"ಎಂಥಾ ಉಂಡೆ ಕಣೇ! ಕೈ ಸೋಕಿಲ್ಲ" ಎಂದು ನನಗೆ ಹೇಳಿ, ಮೇಷ್ಟ್ರ ಕಡೆ ತಿರುಗಿ ಕೇಳಿದರು. "ಯಾಕ್ ಸ್ವಾಮಿ, ಮಗು ಓದ್ಲಿಲ್ವಾ? ಎಲ್ಲಿ, ಆಡೋಕ್ ಹೋಗಿದ್ಯಾ?"

ಮೇಷ್ಟ್ರು ಗೋಡೆ ನೋಡಿದರು. "ಜ್ವರ ಬಂದು ಹೋಗ್ಬಿಟ್ಲು. ವರ್ಷದ ಚಂದಾ ಕಟ್ಟಿದ್ದೆ. ಅವಳು ಹೋದ್ಮೇಲೂ ಪೋಸ್ಟಿನೋರು ತಂದ್ ತಂದ್ ಕೊಡ್ತಿದ್ರು."

ಅಪ್ಪ ಆ ಸುತ್ತನ್ನು ಮೆಲ್ಲಗೆ ಟ್ರಂಕಿನೊಳಗೆ ಇಟ್ಟುಬಿಟ್ಟರು. "ತಪ್ಪಾಯ್ತು ಸ್ವಾಮಿ, ನಂಗ್ ಗೊತ್ತಿರ್ಲಿಲ್ಲ" ಎಂದು ಎದ್ದೇಬಿಟ್ಟರು.

"ಕೂತ್ಕೊಳ್ಳಿ" ಎಂದರು ಮೇಷ್ಟ್ರು. "ನೀವೇ ತಗೊಂಡ್ ಹೋಗಿ. ಮನೇಲಿದ್ರೆ ಇವಳಿಗೆ ಕಷ್ಟ."

ಆಗ ಬಾಗಿಲಲ್ಲಿದ್ದ ಹೆಂಗಸು ಮೊದಲ ಸಲ ಮಾತಾಡಿದರು. "ಕೊಡೋಕೆ ನಂದೇನೂ ಅಡ್ಡಿಯಿಲ್ಲ. ಆದ್ರೆ ಆ ಕುಂಬಾರರ ಹುಡುಗಿ ಗವಿಯೊಳಗೆ ಹೋದ್ಮೇಲೆ ಏನಾಯ್ತು ಅಂತ ಗೊತ್ತಾಗ್ಬೇಕು. ಜ್ವರದಲ್ಲೂ ಅದನ್ನೇ ಕೇಳೋಳು. ಮುಂದಿನ ತಿಂಗಳು ಬರುತ್ತೆ ಮಗಾ ಅಂತಿದ್ದೆ. ಬಂತು. ಬಿಚ್ಚೋಕೆ ನನ್ನ ಕೈ ಬರ್ಲಿಲ್ಲ."

ಅಪ್ಪ ಮತ್ತೆ ಕೂತರು. ಸುತ್ತು ಕೂಡ ಬಿಚ್ಚದ ಅಂಥ ಸಂಚಿಕೆ ಅವರ ಪೆಟ್ಟಿಗೆಯಲ್ಲಿ ಒಂದೂ ಇರಲಿಲ್ಲ, ಮುಂದೆ ಸಿಗುವ ಹಾಗೂ ಇರಲಿಲ್ಲ. ಅವರು ಕೊಬ್ಬರಿ ಚೀಲದ ಹೊಲಿಗೆ ಬಿಚ್ಚುವಷ್ಟೇ ಸಲೀಸಾಗಿ ಉಗುರಿನಿಂದ ಸುತ್ತು ಸೀಳಿದರು. ನನ್ನ ಕೈಗೆ ಕೊಟ್ಟು ಓದು ಎಂದರು. ನಾನು ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದೆ. ಸತ್ತ ಹುಡುಗಿ ನನ್ನ ವಯಸ್ಸಿನವಳಿರಬೇಕು ಎನ್ನುವುದೇ ತಲೆಯಲ್ಲಿತ್ತು. ಅಪ್ಪ ಪತ್ರಿಕೆಯನ್ನು ತಿರುಗಿ ತೆಗೆದುಕೊಂಡು, ಮೇಷ್ಟ್ರ ಎದುರಿಗೆ, ತಾವೇ ಓದತೊಡಗಿದರು.

ಒತ್ತಕ್ಷರ ಬಂದಾಗಲೆಲ್ಲ ನಿಲ್ಲುತ್ತಿದ್ದರು. ಮೇಷ್ಟ್ರು ಮೊದಮೊದಲು ಅಭ್ಯಾಸಬಲದಿಂದ ತಿದ್ದಿದರು, ಆಮೇಲೆ ಸುಮ್ಮನಾದರು. ಗವಿಯೊಳಗೆ ಒಂದು ಹೊಟ್ಟೆಬಾಕ ಭೂತ ಹೊಳೆಯನ್ನೆಲ್ಲ ಕುಡಿದು ಮಲಗಿತ್ತು. ಅಪ್ಪ 'ಗುಡುಗುಡಾಯಿಸಿದ ಹೊಟ್ಟೆ' ಎಂಬಲ್ಲಿ ನಾಲಿಗೆ ತೊಡರಿ, ಮತ್ತೆ ಮತ್ತೆ ಗುಡುಗುಡು ಎಂದರು. ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕರು. ನಗುತ್ತಲೇ ಅಳು ಬಂತು. ಅಳುತ್ತಲೇ ಈಚೆ ಬಂದು ನನ್ನ ಪಕ್ಕ ಕೂತು, "ನೀವ್ ಓದಿ, ನಿಲ್ಲಿಸ್ಬೇಡಿ" ಎಂದರು.

ಒಂದೊಂದೇ ಸುತ್ತು ಬಿಚ್ಚುತ್ತ ಕಥೆ ಕೊನೆಮುಟ್ಟಿತು. ಹುಡುಗಿ ಹೊಳೆಯನ್ನು ಬಿಡಿಸಿದಳು, ಆದರೆ ಊರಿಗೆ ಮರಳದೆ ಹೊಳೆಯ ಜೊತೆಯಲ್ಲೇ ಸಮುದ್ರ ನೋಡಲು ಹೊರಟುಹೋದಳು.

"ಇದೇನಿದು? ಅವರಮ್ಮ ಕಾಯ್ತಿರಲ್ವಾ?" ಎಂದು ಆಕೆ ಸಿಟ್ಟಾದರು.

"ನೋಡ್ಕೊಂಡ್ ಬತ್ತಾಳೆ ಬಿಡಿ ತಾಯಿ" ಎಂದರು ಅಪ್ಪ.

"ಬತ್ತಾಳೆ ಅಂತ ಎಲ್ಲಿ ಬರ್ದಿದೆ, ತೋರ್ಸಿ?"

ಅಪ್ಪ ಕೊನೆಯ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲೂ ಬರೆದಿರಲಿಲ್ಲ. "ಬರೋಲ್ಲ ಅಂತಾನೂ ಬರ್ದಿಲ್ವಲ್ಲ" ಎಂದರು. ಆಕೆ ಒಪ್ಪಲಿಲ್ಲ. ಅಷ್ಟಾದರೂ ನಮಗೆ ಊಟಕ್ಕೆ ಎಲೆ ಹಾಕಿದರು.

ಪತ್ರಿಕೆಗಳನ್ನು ಅಪ್ಪ ತರಲಿಲ್ಲ. ಬದಲಿಗೆ ಆಮೇಲೆ ಅಜ್ಜಂಪುರದ ಕಡೆ ಹೋದಾಗಲೆಲ್ಲ ನಮ್ಮ ಪೆಟ್ಟಿಗೆಯಿಂದ ಒಂದಿಷ್ಟು ಒಯ್ದು ಆ ಮನೆಯಲ್ಲಿ ಬಿಟ್ಟು ಬರುತ್ತಿದ್ದರು. ಆಕೆ ಟ್ರಂಕನ್ನು ಹಜಾರದಲ್ಲೇ ಇಟ್ಟರು. ಬೀದಿಯ ಮಕ್ಕಳು ಸಂಜೆ ಬಂದು ಓದತೊಡಗಿದರು. ಹಾಳೆ ಹರಿದರೆ ಆಕೆ ಬೈಯುತ್ತಿರಲಿಲ್ಲ, ಗಂಜಿ ಕಾಯಿಸಿ ಅಂಟಿಸುತ್ತಿದ್ದರು.

ಅರವತ್ತರ ದಶಕದ ಕೊನೆಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಅಜ್ಜಂಪುರದ ಸ್ಕೂಲಿನಲ್ಲಿ. ಬೇರೆಲ್ಲೂ ರೂಮು ನೋಡಲು ಮೇಷ್ಟ್ರ ಹೆಂಡತಿ ಬಿಡಲಿಲ್ಲ, ತಮ್ಮ ಮನೆಯಲ್ಲೇ ಇರಿಸಿಕೊಂಡರು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟು ಕಳಿಸುತ್ತಿದ್ದರು. ಸಂಜೆ ನಾನು ತಿರುವಿನಲ್ಲಿ ಬರುವಾಗ, ಮಕ್ಕಳ ಗಲಾಟೆಯ ನಡುವೆ ಮೆಟ್ಟಿಲ ಮೇಲೆ ಕೂತು ದಾರಿ ನೋಡುತ್ತಿದ್ದ ಆಕೆ ಎದ್ದು ಒಳಗೆ ಹೋಗಿ ಕಾಫಿಗೆ ನೀರಿಡುತ್ತಿದ್ದರು.