ಫಿಶರ್ ಎಂದರೇನು ಎಂದು ಕೇಳಿದರು

ಡೊಂಬಿವಲಿಯ ನಮ್ಮ ಸೊಸೈಟಿಗೆ ಇಂಜಿನಿಯರನ ರಿಪೋರ್ಟು ಬಂದಾಗ ಮಳೆಗಾಲಕ್ಕೆ ಇನ್ನೆರಡು ತಿಂಗಳಿತ್ತು. ಮೂರನೆಯ ಮಹಡಿಯ ಬೀಮಿನಲ್ಲಿ ‘ಫಿಶರ್’ ಇದೆ ಎಂದು ಆತ ಎರಡು ಕಡೆ ಬರೆದಿದ್ದ. ಕಮಿಟಿಯವರಿಗೆ ಕ್ರ್ಯಾಕ್ ಗೊತ್ತು, ಈ ಪದ ಗೊತ್ತಿಲ್ಲ. ನಾನು ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವನು. ಮೀಟಿಂಗಿನಲ್ಲಿ ಅದರ ಅರ್ಥ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದರು.

ಸುಳ್ಳೇಕೆ, ನನಗೆ ಖುಷಿಯೇ ಆಯಿತು. ಇಪ್ಪತ್ತು ವರ್ಷದಲ್ಲಿ ಆ ಕಟ್ಟಡದ ಯಾರೂ ನನ್ನನ್ನು ಒಂದು ಪದದ ಅರ್ಥ ಕೇಳಿದವರಲ್ಲ. ದೊಡ್ಡ ನಿಘಂಟು ತೆಗೆದು ಕೂತೆ. ಲ್ಯಾಟಿನ್ನಿನ ‘ಫಿಂಡೆರೆ’, ಅಂದರೆ ಸೀಳುವುದು, ಅದರಿಂದ ಬಂದ ಪದ. ನಮ್ಮ ಸಂಸ್ಕೃತದ ‘ಭಿದ್’, ‘ಭೇದ’ ಅದರ ದಾಯಾದಿಗಳು. ಇಂಗ್ಲಿಷಿನವರು ಕಚ್ಚುವುದಕ್ಕೆ ಹೇಳುವ ‘ಬೈಟ್’ ಕೂಡ ಅದೇ ಮನೆತನ.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಸೇರಿದರು. ನನ್ನ ಹರಕು ಮರಾಠಿಯಲ್ಲಿ ಹತ್ತು ನಿಮಿಷ ಹೇಳಿದೆ. ಒಬ್ಬರು ಮೊಬೈಲ್ ನೋಡುತ್ತಿದ್ದರು, ಇನ್ನೊಬ್ಬರು ಮಧ್ಯದಲ್ಲೇ ನೀರು ಬಿಡುವ ಹೊತ್ತು ಕೇಳಿದರು. ಕೋಣನ ಮುಂದೆ ಕಿನ್ನರಿ. ಕೊನೆಗೆ ಚೇರ್ಮನ್ನರು, ಏನೇ ಅನ್ನಿ, ನಮ್ಮ ಮರಾಠಿಯಲ್ಲಿ ಬಿರುಕಿಗೆ ತಡಾ, ತಡಾ ಅಂದರೆ ತಡಾ, ಬಿರುಕಿಲ್ಲದ ಬಿಲ್ಡಿಂಗ್ ಈ ಊರಲ್ಲಿ ಎಲ್ಲಿದೆ ಎಂದರು. ಅಳಿಯ ಅಲ್ಲ ಮಗಳ ಗಂಡ ಎನ್ನುವ ಹಾಗೆ. ಪ್ಲಾಸ್ಟರ್ ಹಚ್ಚಿ ಬಣ್ಣ ಹೊಡೆಸಿದರೆ ಸಾಕೆಂದು ಕೈ ಎತ್ತಿಸಿ ಮುಗಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಸಂಜೆ ಮೂರನೆಯ ಮಹಡಿಯ ಉಡುಪಿಯ ಅಮ್ಮ ಮನೆಗೆ ಬಂದರು. ಅವರ ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂರುವವರು. ಬಾಣಂತನಕ್ಕೆ ಬಂದಿದ್ದ ಮಗಳಿಗೆ ಹೆರಿಗೆಯಾಗಿ ಹನ್ನೆರಡು ದಿನವಾಗಿತ್ತು. ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕಬೇಕು. ಆ ಮನೆಯಲ್ಲಿ ತೊಟ್ಟಿಲು ತೂಗಲು ಇದ್ದದ್ದು ಒಂದೇ ಕೊಕ್ಕೆ, ಅದೂ ಆ ಬೀಮಿನಲ್ಲಿ. ಅಲ್ಲಿ ಕಟ್ಟಬಹುದೋ ಎಂದು ಕೇಳಲು ಬಂದಿದ್ದರು.

ನಾನು ಮತ್ತೆ ಶುರು ಮಾಡಿದೆ. ಫಿಶರ್ ಎಂದರೆ ಬಣ್ಣದ ಮೇಲಿನ ಗೆರೆಯಲ್ಲ, ಆಳಕ್ಕೆ ಇಳಿದ ಸೀಳು, ಮೂಲ ಲ್ಯಾಟಿನ್ನಿನಲ್ಲಿ ಎಂದು ಇನ್ನೂ ಹೇಳುತ್ತಿದ್ದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ಅದೆಲ್ಲ ಎಂತಕ್ಕೆ ಮಾಷ್ಟ್ರೇ. ನಿಮ್ಮ ಮೊಮ್ಮಗು ಆಗಿದ್ರೆ ನೀವು ಅಲ್ಲಿ ಮಲಗಿಸ್ತಿದ್ರಾ?”

“ಇಲ್ಲ” ಎಂದೆ.

ಅವರು ತಲೆಯಾಡಿಸಿ ಎದ್ದುಹೋದರು. ಎರಡೇ ದಿನದಲ್ಲಿ ಮಗಳನ್ನೂ ಮಗುವನ್ನೂ ಕಾಮೋಠೆಯಲ್ಲಿರುವ ತಮ್ಮ ತಂಗಿಯ ಮನೆಗೆ ಸಾಗಿಸಿದರು. ಮೇಷ್ಟ್ರು ಹೆಂಗಸರನ್ನು ಹೆದರಿಸುತ್ತಾರೆ, ಫ್ಲ್ಯಾಟಿನ ರೇಟು ಬೀಳಿಸುತ್ತಾರೆ ಎಂದು ಚೇರ್ಮನ್ನರು ಲಿಫ್ಟಿನಲ್ಲೇ ನನ್ನನ್ನು ದಬಾಯಿಸಿದರು. ಮನೆಗೆ ಬಂದು ಹೆಂಡತಿಯ ಮುಂದೆ ಅವರಿಗೆಲ್ಲ ಹಿಡಿಶಾಪ ಹಾಕಿದೆ. ಆದರೆ ಅವಳಿಗೆ ಗೊತ್ತಿತ್ತು. ನಿಜವಾದ ರಿಪೇರಿಗೆ ನಾಲ್ಕು ತಿಂಗಳು ಮನೆ ಖಾಲಿ ಮಾಡಬೇಕಿತ್ತು, ಮೇ ತಿಂಗಳಲ್ಲಿ ನಮ್ಮ ಮಗಳ ನಿಶ್ಚಿತಾರ್ಥ ಅದೇ ಮನೆಯಲ್ಲಿ ಆಗಬೇಕಿತ್ತು. ಹತ್ತು ನಿಮಿಷ ಲ್ಯಾಟಿನ್ ಹೇಳಿ ಕೂತವನು, ಪ್ಲಾಸ್ಟರಿಗೆ ಕೈ ಎತ್ತಿ ಎಂದಾಗ ನಾನೂ ಎತ್ತಿದ್ದೆ.